ಮಾನ ಉಳಿಸಿಕೊಂಡು ಸಭೆ ಸೇರಿದ ಮಹನೀಯ: ಅಬ್ಸಲಂ ಜೋನ್ಸರ ಜೀವನ

ಹೊಟ್ಟೆಪಾಡಿಗಾಗಿ ಪರಸ್ಥಳಕ್ಕೆ ಬಂದು ನೆಲೆನಿಂತ ನಮ್ಮಂಥವರಿಗೆ ಸದಸ್ಯತ್ವವೆಂಬ ಮಾತು ಹೊಸದಲ್ಲ. ಊರಿನವರ ಸಂಘ, ಜಾತಿಬಾಂಧವರ ಸಂಘ, ಹೋಟೆಲು ಮಾಲಕರ ಸಂಘ, ಕನ್ನಡ ಸಂಘ, ಭಜನಾ ಮಂಡಳಿ ಎಂದು ನಾವು ಒಂದಲ್ಲ ಒಂದಕ್ಕೆ ವರ್ಗಣಿ ಸಲ್ಲಿಸಿ ರಸೀದಿ ಪಡೆದವರೇ ಆಗಿದ್ದೇವೆ. ಆದರೆ ರಸೀದಿ ದೊರೆತ ಮಾತ್ರಕ್ಕೆ ಸ್ಥಾನ ದೊರೆಯಿತೆಂದು ತಿಳಿಯಲಾಗದು. ಈ ಲೇಖಕನು ಮುಂಬಯಿಗೆ ಬಂದ ಹೊಸತರಲ್ಲಿ, ಮುಸುರೆ ತೊಳೆಯುವ ಕೆಲಸ ಮುಗಿಸಿ, ಇದ್ದ ಒಂದೇ ಒಳ್ಳೆಯ ಅಂಗಿಯನ್ನು ತೊಟ್ಟು ಒಂದು ಸಮಾರಂಭಕ್ಕೆ ಹೋಗಿದ್ದುಂಟು. ವರ್ಗಣಿಯನ್ನು ಸಂತೋಷದಿಂದ ಸ್ವೀಕರಿಸಿದ ಅಲ್ಲಿಯ ಹಿರಿಯರೊಬ್ಬರು, ಮುಂದಿನ ಸಾಲಿನಲ್ಲಿ ಕುಳಿತಿದ್ದ ನನ್ನ ತೋಳು ಹಿಡಿದು ಎಬ್ಬಿಸಿ ಹಿಂದಕ್ಕೆ ಕಳುಹಿಸಿದರು. ಅದು ಸಣ್ಣ ಮಾತು; ಅವರ ಮೇಲೆ ಈಗ ಯಾವ ಸಿಟ್ಟೂ ಇಲ್ಲ. ಆದರೆ ತೋಳಿನ ಮೇಲೆ ಬಿದ್ದ ಆ ಕೈಯ ನೆನಪು ಮಾತ್ರ ಮಾಸಿಲ್ಲ.

ಆ ನೆನಪಿನಿಂದಲೇ ಇಂದು ವಾಚಕರ ಮುಂದೆ ಒಬ್ಬ ಪರದೇಶೀಯನ ಜೀವನಚರಿತ್ರೆಯನ್ನು ಇಡಲು ಮನಸ್ಸಾಗಿದೆ. ಇವರ ತೋಳಿನ ಮೇಲೆಯೂ ಇಂಥದೇ ಒಂದು ಕೈ ಬಿದ್ದಿತು, ಅದೂ ಪ್ರಾರ್ಥನೆಗಾಗಿ ಮೊಣಕಾಲೂರಿದ್ದ ವೇಳೆಯಲ್ಲಿ. ಅವರು ಎದ್ದು ಹೊರನಡೆದರು. ಹೊರನಡೆದವರು ಜಗಳಗಂಟರಾಗಿ ಉಳಿಯದೆ, ತಮ್ಮವರೆಲ್ಲರನ್ನು ಕಟ್ಟಿಕೊಂಡು, ತಾವೇ ಗುಡಿ ಕಟ್ಟಿ, ಬಳಿಕ ಅಮೆರಿಕದ ಎಪಿಸ್ಕೋಪಲ್ ಸಭೆಯನ್ನು ತಮ್ಮದೇ ಷರತ್ತುಗಳ ಮೇಲೆ ಸೇರಿದರು. ಅವರ ಹೆಸರು ಅಬ್ಸಲಂ ಜೋನ್ಸ್. ಅಮೆರಿಕದ ಕರಿಯ ಜನರ ಇತಿಹಾಸವನ್ನು ಓದಿದವರಿಗೆ ಈ ಹೆಸರು ಸುಪರಿಚಿತವಾದುದು. ನಮ್ಮ ಭಾಷೆಯಲ್ಲಿ ಇವರ ಕುರಿತು ಬರೆದವರು ವಿರಳ.

ಬಾಲ್ಯವೂ ಅಗಲಿಕೆಯೂ

ಅಬ್ಸಲಂ ಜೋನ್ಸರು 1746ನೆಯ ಇಸವಿಯಲ್ಲಿ, ಆಗ ಬ್ರಿಟಿಷರ ವಸಾಹತಾಗಿದ್ದ ಡೆಲವೇರಿನ ಸಸೆಕ್ಸ್ ಪ್ರಾಂತದಲ್ಲಿ ಗುಲಾಮರಾಗಿಯೇ ಹುಟ್ಟಿದರು. ಆ ದೇಶದ ಅಂದಿನ ಕಾನೂನಿನಂತೆ ಗುಲಾಮ ಸ್ತ್ರೀಯ ಗರ್ಭದಲ್ಲಿ ಜನಿಸಿದ ಶಿಶುವು ತಾಯಿಯ ಯಜಮಾನನ ಸೊತ್ತು. ಹೊಲದ ದುಡಿಮೆಗೆ ಹೋಗಬೇಕಾಗಿದ್ದ ಹುಡುಗನನ್ನು ಎಳೆಯ ಪ್ರಾಯದಲ್ಲಿಯೇ ಮನೆಯೊಳಗಿನ ಚಾಕರಿಗೆ ತೆಗೆದುಕೊಂಡರು. ಅತಿಥಿಗಳು ಬಂದು ಹೋಗುವಾಗ ಕೈಯಲ್ಲಿಟ್ಟ ಚಿಲ್ಲರೆ ಕಾಸುಗಳನ್ನು ಈ ಹುಡುಗನು ತಿಂಡಿಗೆ ವ್ಯಯಿಸಲಿಲ್ಲ. ಕೂಡಿಟ್ಟು ಒಂದು ಅಕ್ಷರಮಾಲೆಯ ಪುಸ್ತಕವನ್ನು ಕೊಂಡನು. ಆ ಬಳಿಕ ಹೊಸ ಒಡಂಬಡಿಕೆಯ ಒಂದು ಪ್ರತಿಯನ್ನೂ ಕೊಂಡನು. ಓದಲು ಬಲ್ಲವರು ಯಾರೇ ಎದುರಾಗಲಿ, ಅವರನ್ನು ಕಾಡಿ ಬೇಡಿ ಒಂದೊಂದೇ ಅಕ್ಷರವನ್ನು ಕಲಿತನು.

ಹದಿನಾರನೆಯ ವರ್ಷದಲ್ಲಿ, 1762ರಲ್ಲಿ, ಆ ಮನೆ ಒಡೆಯಿತು. ಯಜಮಾನನು ತನ್ನ ಆಸ್ತಿಯನ್ನು ಮಾರಿದನು. ಆಸ್ತಿಯೊಡನೆ ಅಬ್ಸಲಮನ ತಾಯಿಯೂ, ಐವರು ಸಹೋದರರೂ, ಒಬ್ಬ ಸಹೋದರಿಯೂ ಮಾರಾಟವಾಗಿಹೋದರು. ಅಬ್ಸಲಮನೊಬ್ಬನನ್ನು ಮಾತ್ರ ಯಜಮಾನನು ತನ್ನೊಡನೆ ಫಿಲಡೆಲ್ಫಿಯ ನಗರಕ್ಕೆ ಕರೆದೊಯ್ದನು. ಊರು ಬಿಟ್ಟು ಬರುವುದೆಂದರೇನೆಂಬುದನ್ನು ನಾವು ಬಲ್ಲೆವು. ಆದರೆ ನಮ್ಮಲ್ಲಿ ಊರು ಬಿಟ್ಟವನಿಗೆ ಊರಿಗೆ ಕಾಗದ ಬರೆಯುವ ವಿಳಾಸವಾದರೂ ಇರುತ್ತದೆ, ಚೌತಿಗೋ ದೀಪಾವಳಿಗೋ ಹೋಗಿ ಬರುವ ಆಸೆಯಾದರೂ ಇರುತ್ತದೆ. ಆ ಹುಡುಗನಿಗೆ ಮರಳಿ ಹೋಗಲು ಊರಿನಲ್ಲಿ ಮನೆಯೇ ಉಳಿದಿರಲಿಲ್ಲ.

ಅಂಗಡಿಯೂ ರಾತ್ರಿಶಾಲೆಯೂ

ಫಿಲಡೆಲ್ಫಿಯದಲ್ಲಿ ಯಜಮಾನನದು ಅಂಗಡಿಯ ವ್ಯಾಪಾರ. ಸಾಮಾನು ಕಟ್ಟುವುದು, ಕೂಡಿಡುವುದು, ಗಿರಾಕಿಗಳ ಮನೆಗೆ ಮುಟ್ಟಿಸುವುದು ಅಬ್ಸಲಮನ ಪಾಲಿಗೆ ಬಂದ ಕೆಲಸಗಳು. ಅಲ್ಲಿದ್ದ ಒಬ್ಬ ಗುಮಾಸ್ತನು ದಯೆಯಿಂದ ಬರವಣಿಗೆ ಹೇಳಿಕೊಟ್ಟನು. 1766ರಲ್ಲಿ ಯಜಮಾನನ ಅಪ್ಪಣೆ ಪಡೆದು ಕರಿಯ ಜನರಿಗಾಗಿ ನಡೆಯುತ್ತಿದ್ದ ರಾತ್ರಿಶಾಲೆಗೆ ಸೇರಿ ಲೆಕ್ಕವನ್ನು ಕಲಿತರು. ಹಗಲೆಲ್ಲ ನಿಂತು ದುಡಿದ ಕಾಲುಗಳು ರಾತ್ರಿಯ ಬೆಂಚಿನಲ್ಲಿ ಹೇಗೆ ಸೆಳೆಯುತ್ತವೆ, ಹಲಗೆಯ ಮೇಲಿನ ಅಕ್ಷರಗಳು ನಿದ್ದೆಗಣ್ಣಿಗೆ ಹೇಗೆ ಕುಣಿಯುತ್ತವೆ ಎಂಬುದನ್ನು ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತು ಎಸ್.ಎಸ್.ಎಲ್.ಸಿ. ಮುಗಿಸಿದವರಿಗೆ ವಿವರಿಸಿ ಹೇಳಬೇಕಾಗಿಲ್ಲ.

1770ರಲ್ಲಿ ಅವರು ಮೇರಿ ಎಂಬ ತರುಣಿಯನ್ನು ವಿವಾಹವಾದರು. ಮೇರಿಯೂ ನೆರೆಮನೆಯವರ ಗುಲಾಮಳೇ. ಮದುವೆಯನ್ನು ನೆರವೇರಿಸಿದವರು ಆಂಗ್ಲಿಕನ್ ಸಭೆಯ ಪಾದ್ರಿ ಜೇಕಬ್ ಡುಷೆಯವರು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದಕ್ಕೆ ಅರ್ಥ ಬರಲಿದೆ.

ಸಂಸಾರ ಹೂಡಿದೊಡನೆಯೇ ದಂಪತಿಗಳ ಮುಂದೆ ಒಂದು ಲೆಕ್ಕ ಬಂದು ನಿಂತಿತು. ಗಂಡ ಹೆಂಡಿರಲ್ಲಿ ಒಬ್ಬರ ಬಿಡುಗಡೆಗೆ ಸಾಕಾಗುವಷ್ಟು ಹಣವನ್ನು ಮಾತ್ರ ಹೇಗಾದರೂ ಹೊಂದಿಸಬಹುದು. ಯಾರನ್ನು ಮೊದಲು ಬಿಡಿಸಬೇಕು? ಜೋನ್ಸರು ತಮ್ಮನ್ನು ಹಿಂದಿಟ್ಟು ಮೇರಿಯನ್ನು ಮುಂದಿಟ್ಟರು. ತಾಯಿಯು ಸ್ವತಂತ್ರಳಾದರೆ ಹುಟ್ಟುವ ಮಕ್ಕಳೂ ಸ್ವತಂತ್ರರು. ತಂದೆಯೊಬ್ಬನೇ ಸ್ವತಂತ್ರನಾದರೆ ಮಕ್ಕಳು ಗುಲಾಮರಾಗಿಯೇ ಹುಟ್ಟುವರು. ಮಾವನೊಡನೆ ಕೂಡಿ ಒಂದು ಮನವಿಪತ್ರವನ್ನು ಬರೆದು, ಕ್ವೇಕರ್ ಪಂಥದ ಸಜ್ಜನರ ಮನೆಬಾಗಿಲುಗಳಿಗೆ ನಡೆದರು. ಸ್ವಲ್ಪ ಹಣ ದಾನವಾಗಿ ಬಂದಿತು, ಹೆಚ್ಚಿನದು ಸಾಲವಾಗಿ ಬಂದಿತು. ಮೇರಿ ಸ್ವತಂತ್ರಳಾದಳು. ಆ ಸಾಲವನ್ನು ತೀರಿಸಲು ಜೋನ್ಸರು ಹಗಲು ಯಜಮಾನನ ಕೆಲಸವನ್ನೂ, ರಾತ್ರಿ ಹನ್ನೆರಡು ಒಂದು ಗಂಟೆಯ ವರೆಗೆ ಸ್ವಂತ ಕೆಲಸವನ್ನೂ ಮಾಡಿದರು. 1778ರ ವೇಳೆಗೆ ಋಣಮುಕ್ತರಾಗಿದ್ದರು.

ಆ ಬಳಿಕವೂ ದುಡಿಮೆ ನಿಲ್ಲಲಿಲ್ಲ. ಉಳಿತಾಯದ ಹಣದಿಂದ ಒಂದು ಮನೆಯನ್ನು ಕೊಂಡರು. ಆದರೆ ಕಾನೂನಿನ ದೃಷ್ಟಿಯಲ್ಲಿ ಗುಲಾಮನಿಗೆ ಸೇರಿದುದೆಲ್ಲವೂ ಯಜಮಾನನಿಗೆ ಸೇರಿದುದೇ. ಯಜಮಾನನು ಮನಸ್ಸು ಬದಲಿಸಿದ ದಿನ ಮನೆಯೂ ಹೋದೀತು. ಆದುದರಿಂದ ತನ್ನನ್ನು ತಾನೇ ಕೊಂಡುಕೊಳ್ಳುವೆನೆಂದು ಜೋನ್ಸರು ಯಜಮಾನನನ್ನು ಮತ್ತೆ ಮತ್ತೆ ಬೇಡಿದರು. ಆತನು ಮತ್ತೆ ಮತ್ತೆ ನಿರಾಕರಿಸಿದನು. ಆ ನಡುವೆ ಅಮೆರಿಕವು ಬ್ರಿಟಿಷರಿಂದ ಸ್ವಾತಂತ್ರ್ಯ ಪಡೆದಿತ್ತು. ಮನುಷ್ಯರೆಲ್ಲರೂ ಸಮಾನರೆಂಬ ಘೋಷಣೆಯು 1776ರಲ್ಲಿ ಹೊರಟುದು ಅದೇ ಫಿಲಡೆಲ್ಫಿಯದಿಂದ. ಆ ಘೋಷಣೆಯು ಜೋನ್ಸರ ಬಾಗಿಲಿಗೆ ತಲಪಲು ಮತ್ತೆ ಎಂಟು ವರ್ಷ ಬೇಕಾಯಿತು. ಕೊನೆಗೆ 1784ರ ಅಕ್ಟೋಬರ್ ತಿಂಗಳಲ್ಲಿ ಯಜಮಾನನು ಬಿಡುಗಡೆಯ ಪತ್ರವನ್ನು ಬರೆದುಕೊಟ್ಟನು. ಆಗ ಅವರಿಗೆ ಮೂವತ್ತೆಂಟರ ಸಮೀಪದ ವಯಸ್ಸು. ಹಳೆಯ ಹಗೆಯನ್ನು ಸಾಧಿಸದೆ ಅದೇ ಅಂಗಡಿಯಲ್ಲಿ, ಈಗ ಸಂಬಳದ ಮೇಲೆ, ಕೆಲಸವನ್ನು ಮುಂದುವರಿಸಿದರು.

ತಿಂಗಳಿಗೊಂದು ಶಿಲಿಂಗ್

ಆ ಕಾಲದಲ್ಲಿ ಜೋನ್ಸರು ಪ್ರಾರ್ಥನೆಗೆ ಹೋಗುತ್ತಿದ್ದುದು ಸೇಂಟ್ ಜಾರ್ಜ್ ಎಂಬ ಮೆಥಡಿಸ್ಟ್ ದೇವಾಲಯಕ್ಕೆ. ಅಲ್ಲಿಗೆ 1786ರಲ್ಲಿ ರಿಚರ್ಡ್ ಆಲೆನ್ ಎಂಬ ಇಪ್ಪತ್ತಾರರ ತರುಣ ಬೋಧಕರು ಬಂದರು. ಅವರೂ ದುಡಿದು ತಮ್ಮ ಬಿಡುಗಡೆಯನ್ನು ತಾವೇ ಕೊಂಡವರು. ಜೋನ್ಸರು ಶಾಂತ ಸ್ವಭಾವದವರು, ತೂಕದ ಮಾತಿನವರು. ಆಲೆನ್ನರು ಉತ್ಸಾಹಿಗಳು, ಹಿಡಿದ ಹಟವನ್ನು ಬಿಡದವರು. ಇವರಿಬ್ಬರ ಸ್ನೇಹವು ಜೀವನಪರ್ಯಂತ ಉಳಿಯಿತು. ಇಬ್ಬರ ಬೋಧನೆಯಿಂದ ಆ ದೇವಾಲಯಕ್ಕೆ ಬರುವ ಕರಿಯ ಜನರ ಸಂಖ್ಯೆ ಹೆಚ್ಚುತ್ತ ಹೋಯಿತು.

1787ನೆಯ ಏಪ್ರಿಲ್ 12ರಂದು ಈ ಮಿತ್ರರೂ ಇನ್ನು ಕೆಲವರೂ ಕೂಡಿ 'ಫ್ರೀ ಆಫ್ರಿಕನ್ ಸೊಸೈಟಿ' ಎಂಬ ಪರಸ್ಪರ ಸಹಾಯ ಸಂಘವನ್ನು ಸ್ಥಾಪಿಸಿದರು. ಪ್ರತಿ ಸದಸ್ಯನೂ ತಿಂಗಳಿಗೆ ಒಂದು ಶಿಲಿಂಗ್ ವರ್ಗಣಿ ಕೊಡಬೇಕು. ಕಷ್ಟಕ್ಕೆ ಸಿಲುಕಿದ ಸದಸ್ಯನಿಗೆ ವಾರಕ್ಕೆ ಮೂರು ಶಿಲಿಂಗ್ ಒಂಬತ್ತು ಪೆನ್ಸ್ ನೆರವು ದೊರೆಯುವುದು; ಆದರೆ ಆ ಕಷ್ಟವು ಸ್ವಂತ ದುಶ್ಚಟದಿಂದ ಬಂದಿರಬಾರದು. ವಿಧವೆಯರಿಗೆ ಸಹಾಯ, ತಂದೆಯಿಲ್ಲದ ಮಕ್ಕಳ ವಿದ್ಯಾಭ್ಯಾಸ, ಸತ್ತವರಿಗೆ ಗೌರವದ ಸಂಸ್ಕಾರ ಮೊದಲಾದವು ಸಂಘದ ಉದ್ದೇಶಗಳು. ನಮ್ಮ ಹಿರಿಯರು ಪರಊರಿನ ಬಾಡಿಗೆಯ ಖೋಲಿಯಲ್ಲಿ ಕುಳಿತು ಕಟ್ಟಿದ ಸಂಘಗಳ ನಿಯಮಾವಳಿಯನ್ನೇ ಓದಿದಂತಾಗುವುದಿಲ್ಲವೇ? ದೇಶ ಯಾವುದೇ ಇರಲಿ, ಆಸರೆಯಿಲ್ಲದವರು ಮೊತ್ತಮೊದಲು ಕಟ್ಟುವುದು ಇಂಥ ಸಂಘವನ್ನೇ.

ಮೊಣಕಾಲೂರಿದವರನ್ನು ಎಬ್ಬಿಸಿದ ದಿನ

ಸೇಂಟ್ ಜಾರ್ಜ್ ದೇವಾಲಯದಲ್ಲಿ ಸ್ಥಳ ಸಾಲದೆ ಅಟ್ಟದಂಥ ಗ್ಯಾಲರಿಯನ್ನು ಕಟ್ಟಿಸಿದರು. ಆ ಕಾರ್ಯಕ್ಕೆ ಕರಿಯ ಸದಸ್ಯರೂ ಹಣ ಕೊಟ್ಟರು, ಮೈಮುರಿದು ದುಡಿದರು. ಕೆಲಸ ಮುಗಿದ ಮೇಲೆ, ಒಂದು ಭಾನುವಾರ, ಅವರು ಪ್ರಾರ್ಥನೆಗೆ ಬಂದಾಗ ಮೇಲೆ ಗ್ಯಾಲರಿಗೆ ಹೋಗುವಂತೆ ಸೂಚನೆಯಾಯಿತು. ಮೇಲೇರಿ, ತಾವು ಹಿಂದೆ ಕೆಳಗೆ ಕುಳಿತುಕೊಳ್ಳುತ್ತಿದ್ದ ಸ್ಥಳದ ನೇರಕ್ಕೆ ಕುಳಿತರು. ಅದೂ ಸಲ್ಲದೆಂದು ಆಡಳಿತದವರು ಭಾವಿಸಿದರು. ಎಲ್ಲರೂ ಮೊಣಕಾಲೂರಿ ಪ್ರಾರ್ಥನೆಯಲ್ಲಿರುವಾಗಲೇ ಒಬ್ಬ ಧರ್ಮದರ್ಶಿಯು ಬಂದು ಜೋನ್ಸರ ತೋಳು ಹಿಡಿದು ಎಬ್ಬಿಸತೊಡಗಿದನು. ಪ್ರಾರ್ಥನೆ ಮುಗಿಯುವ ತನಕ ತಾಳಬೇಕೆಂದು ಜೋನ್ಸರು ವಿನಯದಿಂದ ಕೇಳಿಕೊಂಡರು. ಆತನು ಒಪ್ಪದೆ ಇನ್ನೊಬ್ಬನನ್ನು ಸನ್ನೆಮಾಡಿ ಕರೆದನು. ಅಷ್ಟರಲ್ಲಿ ಪ್ರಾರ್ಥನೆ ಮುಗಿಯಿತು. ಕರಿಯ ಜನರೆಲ್ಲರೂ ಒಟ್ಟಾಗಿ ಎದ್ದು, ಒಂದು ಗುಂಪಾಗಿ ಹೊರನಡೆದರು.

ಇದು ನಡೆದುದು 1787ರಲ್ಲಿ ಎಂದು ಬಹುಕಾಲ ಹೇಳುತ್ತ ಬಂದಿದ್ದರು. ಗ್ಯಾಲರಿಯನ್ನು ಕಟ್ಟಿಸಿದ ಕಾಲವನ್ನು ಪರಿಶೀಲಿಸಿದ ಇತಿಹಾಸಕಾರರು 1792ರ ಸುಮಾರಿಗೆ ನಡೆದಿರಬೇಕೆಂದು ಅಭಿಪ್ರಾಯಪಟ್ಟಿದ್ದಾರೆ. ವರ್ಷ ಯಾವುದಾದರೂ ಅದರ ಪರಿಣಾಮವು ಒಂದೇ. ಸ್ವಂತದ ಒಂದು ದೇವಾಲಯ ಬೇಕೆಂಬ ಆಲೋಚನೆಯು ಆ ಮೊದಲೇ ಸಂಘದಲ್ಲಿ ಹುಟ್ಟಿತ್ತು. ಈಗ ಅದು ಹಟವಾಗಿ ಪರಿಣಮಿಸಿತು.

ನಗರದ ಸುಪ್ರಸಿದ್ಧ ವೈದ್ಯರೂ, ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬರೂ ಆದ ಬೆಂಜಮಿನ್ ರಷ್ ಎಂಬವರು ಈ ಕಾರ್ಯಕ್ಕೆ ಬೆಂಬಲವಾಗಿ ನಿಂತರು. ಐದನೆಯ ಬೀದಿಯಲ್ಲಿ ನಿವೇಶನ ದೊರೆಯಿತು. 1793ರ ಆಗಸ್ಟಿನಲ್ಲಿ ಮಾಡು ಏರಿಸಿದ ದಿನ ಊರ ಹೊರಗಿನ ಮರಗಳ ನೆರಳಿನಲ್ಲಿ ಒಂದು ಭೋಜನ ನಡೆಯಿತು. ಹೋಟೆಲಿನಲ್ಲಿ ಪಂಕ್ತಿ ನೋಡಿದವನಾದುದರಿಂದ ಈ ಭೋಜನದ ವಿವರವನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸು ಬಾರದು. ಮೊದಲನೆಯ ಪಂಕ್ತಿಯಲ್ಲಿ ಸುಮಾರು ನೂರು ಮಂದಿ ಬಿಳಿಯರು, ಹೆಚ್ಚಿನವರು ಬಡಗಿಗಳು, ಕುಳಿತರು, ಕರಿಯರು ಬಡಿಸಿದರು. ಅವರು ಎದ್ದ ಮೇಲೆ ಎರಡನೆಯ ಪಂಕ್ತಿಯಲ್ಲಿ ಸುಮಾರು ಐವತ್ತು ಮಂದಿ ಕರಿಯರು ಕುಳಿತರು. ಬಿಳಿಯರಲ್ಲಿ ಗಣ್ಯರೆನಿಸಿದ ಕೆಲವರು ನಿಂತು ಬಡಿಸಿದರು. ಅಂದಿನ ಅಮೆರಿಕದಲ್ಲಿ ಇದು ಕಂಡು ಕೇಳರಿಯದ ದೃಶ್ಯ. ಯಾರು ಕುಳಿತು ಉಣ್ಣುತ್ತಾರೆ, ಯಾರು ನಿಂತು ಬಡಿಸುತ್ತಾರೆ ಎಂಬುದರಲ್ಲಿ ಒಂದು ಸಮಾಜದ ಶಾಸ್ತ್ರವೆಲ್ಲವೂ ಅಡಗಿರುತ್ತದೆಯೆಂಬುದನ್ನು ನಮ್ಮ ನಾಡಿನವರಿಗೆ ಬೇರೆ ಹೇಳಬೇಕೆ?

ಹಳದಿ ಜ್ವರದ ನೂರು ದಿನಗಳು

ಆ ಭೋಜನದ ದಿನಗಳಲ್ಲಿಯೇ ನಗರವನ್ನು ಹಳದಿ ಜ್ವರವು ಹೊಕ್ಕಿತ್ತು. ಅದು ಸೊಳ್ಳೆಯಿಂದ ಹರಡುವ ರೋಗವೆಂಬುದು 1900ರ ತನಕ ಸಿದ್ಧಪಟ್ಟಿರಲಿಲ್ಲ. 1793ರ ಆಗಸ್ಟಿನಿಂದ ನವೆಂಬರಿನ ವರೆಗೆ, ಸುಮಾರು ಐವತ್ತು ಸಾವಿರ ಜನರಿದ್ದ ಆ ನಗರದಲ್ಲಿ ನಾಲ್ಕೈದು ಸಾವಿರ ಮಂದಿ ಪ್ರಾಣ ಬಿಟ್ಟರು. ಅಂದು ದೇಶದ ರಾಜಧಾನಿ ಫಿಲಡೆಲ್ಫಿಯವೇ ಆಗಿದ್ದಿತು. ಅಧ್ಯಕ್ಷ ವಾಷಿಂಗ್ಟನ್ನರೂ ಅವರ ಸರಕಾರವೂ ಊರು ಬಿಟ್ಟರು. ಹಣವುಳ್ಳವರೆಲ್ಲರೂ ಹೊರಟುಹೋದರು. ಗಂಡನನ್ನು ಹೆಂಡತಿ, ಮಕ್ಕಳನ್ನು ತಂದೆತಾಯಿ ಬಿಟ್ಟು ಓಡುವಂತಾಯಿತು.

ಕರಿಯ ಜನರಿಗೆ ಈ ರೋಗ ತಗಲುವುದಿಲ್ಲವೆಂದು ರಷ್‌ರು ನಂಬಿದ್ದರು. ಶುಶ್ರೂಷೆಗೆ ಮುಂದಾಗಬೇಕೆಂದು ಅವರನ್ನು ಕೇಳಿಕೊಂಡರು. ಜೋನ್ಸರೂ ಆಲೆನ್ನರೂ ತಮ್ಮವರನ್ನು ಕರೆದು ವಿಚಾರಿಸಿ, ನಗರಾಧ್ಯಕ್ಷರ ಬಳಿಗೆ ಹೋಗಿ ಸೇವೆಯನ್ನು ಒಪ್ಪಿಸಿದರು. ತೋಳು ಹಿಡಿದು ಎಬ್ಬಿಸಿದ ಜನರ ಮನೆಗಳಿಗೇ ಹೋಗಿ ಹಾಸಿಗೆ ಬದಲಿಸಿದರು, ನೀರು ಕುಡಿಸಿದರು, ವೈದ್ಯರ ಸೂಚನೆಯಂತೆ ಔಷಧ ಕೊಟ್ಟರು, ಹೆಣ ಹೊತ್ತರು. ಕರಿಯರಿಗೆ ರೋಗ ತಗಲದೆಂಬ ನಂಬಿಕೆಯು ಬೇಗನೆ ಸುಳ್ಳಾಯಿತು. ಹಿಂದಿನ ವರ್ಷ ಅವರಲ್ಲಿ ಮಣ್ಣುಗೂಡಿದವರು 67 ಮಂದಿ. ಆ ವರ್ಷ 305 ಮಂದಿ. ಹಾಗೆಂದು ತಿಳಿದ ಮೇಲೆಯೂ ಜೋನ್ಸರು ಹಿಂದೆಗೆಯಲಿಲ್ಲ.

ರೋಗ ಇಳಿದ ಮೇಲೆ ಬಂದ ಬಹುಮಾನವು ಅಪವಾದ. ಮ್ಯಾಥ್ಯೂ ಕೇರಿ ಎಂಬ ಮುದ್ರಕರು ಆ ಜ್ವರದ ಕುರಿತು ಒಂದು ಪುಸ್ತಕವನ್ನು ಪ್ರಕಟಿಸಿದರು. ಕರಿಯ ಶುಶ್ರೂಷಕರಲ್ಲಿ ಕೆಲವರು ರೋಗಿಗಳಿಂದ ಅತಿಯಾಗಿ ಹಣ ಕಿತ್ತರೆಂದೂ, ಮನೆಗಳಲ್ಲಿ ಕಳವು ಮಾಡಿದರೆಂದೂ ಅದರಲ್ಲಿ ಬರೆದಿತ್ತು. ಅದೇ ಪುಸ್ತಕದಲ್ಲಿ ಜೋನ್ಸ್ ಮತ್ತು ಆಲೆನ್ನರಿಗೆ ಹೊಗಳಿಕೆಯೂ ಇದ್ದಿತು. ಸಾಮಾನ್ಯ ಮನುಷ್ಯನು ಇಂಥ ಹೊಗಳಿಕೆಯನ್ನು ಸ್ವೀಕರಿಸಿ ಸುಮ್ಮನಾಗುತ್ತಿದ್ದನು. ಇವರು ಸುಮ್ಮನಾಗಲಿಲ್ಲ. ಇಬ್ಬರನ್ನು ಬೇರ್ಪಡಿಸಿ ಹೊಗಳಿ ಉಳಿದವರನ್ನು ಕಳ್ಳರೆಂದು ಕರೆಯುವುದನ್ನು ತಾವು ಒಪ್ಪಲಾರೆವೆಂಬ ಭಾವದಿಂದ, 1794ರಲ್ಲಿ ಒಂದು ಕಿರುಹೊತ್ತಗೆಯನ್ನು ಅಚ್ಚು ಹಾಕಿಸಿದರು.

ಆ ಹೊತ್ತಗೆಯಲ್ಲಿ ನನಗೆ ಅತ್ಯಂತ ಮೆಚ್ಚಾದುದು ಅದರೊಳಗಿನ ಜಮಾಖರ್ಚು. ಹೆಣಗಳನ್ನೂ ಹಾಸಿಗೆಗಳನ್ನೂ ಹೂಳಿದ್ದಕ್ಕೆ ಬಂದ ಒಟ್ಟು ಹಣ 233 ಪೌಂಡು 10 ಶಿಲಿಂಗ್ 4 ಪೆನ್ಸ್. ಹಣ ಬಾರದ ಶವಪೆಟ್ಟಿಗೆಗಳಿಗೆ ಕೈಯಿಂದ ಕೊಟ್ಟುದು 33 ಪೌಂಡು. ಐದು ಮಂದಿ ಕೂಲಿಯಾಳುಗಳಿಗೆ ಕೊಟ್ಟುದು 378 ಪೌಂಡು. ಖರ್ಚು ಒಟ್ಟು 411 ಪೌಂಡು. ಕೈಬಿಟ್ಟು ಹೋದ ಹಣ 177 ಪೌಂಡು 9 ಶಿಲಿಂಗ್ 8 ಪೆನ್ಸ್. ಗಲ್ಲಾಪೆಟ್ಟಿಗೆಯ ಮುಂದೆ ವರ್ಷಗಟ್ಟಲೆ ಕುಳಿತವನಾಗಿ ನಾನು ಈ ಲೆಕ್ಕವನ್ನು ಕೂಡಿಸಿ ಕಳೆದು ನೋಡಿದೆ. ಒಂದು ಪೆನ್ಸಿನ ವ್ಯತ್ಯಾಸವೂ ಇಲ್ಲ. ಅಪವಾದಕ್ಕೆ ಉತ್ತರವಾಗಿ ಕೂಗಾಡದೆ ಲೆಕ್ಕದ ಪುಸ್ತಕವನ್ನು ತೆರೆದಿಡುವ ಈ ರೀತಿಯನ್ನು ಸಾರ್ವಜನಿಕ ಕೆಲಸ ಮಾಡುವವರೆಲ್ಲರೂ ಕಲಿಯತಕ್ಕದ್ದು.

ಯಾವ ಸಭೆಯನ್ನು ಸೇರುವುದು?

ದೇವಾಲಯವು ಸಿದ್ಧವಾಗಿ 1794ರ ಜುಲೈ 17ರಂದು ಪ್ರತಿಷ್ಠಾಪನೆಗೊಂಡಿತು. ಇನ್ನು ಉಳಿದುದು ಮುಖ್ಯವಾದ ಪ್ರಶ್ನೆ. ಯಾವ ಸಭೆಯ ಅಂಗವಾಗಬೇಕು? ಜೋನ್ಸರ ಮತ್ತು ಆಲೆನ್ನರ ಒಲವು ಮೆಥಡಿಸ್ಟ್ ಪಂಥದ ಕಡೆಗೆ. ಅದರ ಸರಳ ಬೋಧನೆಯಲ್ಲಿಯೇ ಅವರು ಬೆಳೆದವರು. ಆದರೆ ಜನರ ಅಭಿಪ್ರಾಯ ಬೇರೆಯಾಗಿದ್ದಿತು. ತಮ್ಮನ್ನು ಎಬ್ಬಿಸಿ ಕಳುಹಿಸಿದ ಪಂಥ ಮತ್ತೆ ಬೇಡವೆಂದು ಬಹುಮತದಿಂದ ತೀರ್ಮಾನಿಸಿ, ಎಪಿಸ್ಕೋಪಲ್ ಸಭೆಯನ್ನು ಆರಿಸಿದರು. ಅವರಲ್ಲಿ ಅನೇಕರಿಗೆ ಆ ಸಭೆಯು ಅಪರಿಚಿತವಾಗಿರಲಿಲ್ಲ. ಜೋನ್ಸರ ಮದುವೆಯನ್ನು ನೆರವೇರಿಸಿದ ಪಾದ್ರಿಯೂ ಆ ಪರಂಪರೆಯವರೇ ಅಲ್ಲವೇ?

ಎಪಿಸ್ಕೋಪಲ್ ಎಂದರೆ ಬಿಷಪ್ಪರ ಆಡಳಿತಕ್ಕೆ ಒಳಪಟ್ಟುದು ಎಂದರ್ಥ. ಇಂಗ್ಲೆಂಡಿನ ಆಂಗ್ಲಿಕನ್ ಸಭೆಗೆ ಸೇರಿದ್ದ ಅಮೆರಿಕದ ಕ್ರೈಸ್ತರು, ದೇಶ ಸ್ವತಂತ್ರವಾದ ಬಳಿಕ ಇಂಗ್ಲೆಂಡಿನ ದೊರೆಗೆ ನಿಷ್ಠೆ ಸಲ್ಲಿಸಲಾರದೆ, 1789ರ ವೇಳೆಗೆ ತಮ್ಮದೇ ಆದ ಸ್ವತಂತ್ರ ಸಭೆಯನ್ನು ವ್ಯವಸ್ಥೆಗೊಳಿಸಿಕೊಂಡರು. ಫಿಲಡೆಲ್ಫಿಯದ ಬಿಷಪ್ ವಿಲಿಯಂ ವೈಟ್‌ರು ಅದರ ಪ್ರಥಮ ಅಧ್ಯಕ್ಷ ಬಿಷಪ್ಪರು. ಆ ಸಭೆಯಲ್ಲಿ ಒಬ್ಬೊಬ್ಬರಾಗಿ ಸದಸ್ಯರಾಗುವ ಕ್ರಮ ಸರಳವಾದುದು. ದೀಕ್ಷಾಸ್ನಾನ ಹೊಂದಿದವನ ಹೆಸರು ಸ್ಥಳೀಯ ಸಭೆಯ ದಾಖಲೆಯಲ್ಲಿ ಬರೆಯಲ್ಪಡುತ್ತದೆ. ಬಿಷಪ್ಪರು ತಲೆಯ ಮೇಲೆ ಕೈಯಿಟ್ಟು ನಂಬಿಕೆಯನ್ನು ದೃಢೀಕರಿಸುತ್ತಾರೆ. ಜೋನ್ಸರ ಜನರು ಹಾಗೆ ಒಬ್ಬೊಬ್ಬರಾಗಿ ಹೋಗಿ ಯಾವುದೋ ದೇವಾಲಯದ ಹಿಂದಿನ ಬೆಂಚನ್ನು ಸೇರಲು ಒಪ್ಪಲಿಲ್ಲ. ಮೂರು ಷರತ್ತುಗಳನ್ನು ಮುಂದಿಟ್ಟರು.

ಮೊದಲನೆಯದು, ಈಗಾಗಲೇ ಸಂಘಟಿತವಾಗಿರುವ ಒಂದು ಸಮುದಾಯವಾಗಿಯೇ ತಮ್ಮನ್ನು ಸ್ವೀಕರಿಸಬೇಕು. ಎರಡನೆಯದು, ತಮ್ಮ ದೇವಾಲಯದ ಆಡಳಿತವು ಶಾಶ್ವತವಾಗಿ ತಮ್ಮ ಕೈಯಲ್ಲಿಯೇ ಇರಬೇಕು. ಮೂರನೆಯದು, ತಮ್ಮವರಾದ ಅಬ್ಸಲಂ ಜೋನ್ಸರಿಗೆ ಪ್ರಾರ್ಥನೆಯನ್ನು ನಡೆಸುವ ಅಧಿಕಾರ ಕೊಡಬೇಕು. ಅರ್ಹರೆಂದು ಕಂಡುಬಂದರೆ ಗುರುಪದವಿಯನ್ನೂ ಕೊಡಬೇಕು. ಆಡಳಿತದ ಪದಗಳನ್ನು ಆಫ್ರಿಕನ್ ಮೂಲದವರು ಮಾತ್ರ ವಹಿಸತಕ್ಕದ್ದೆಂದು ತಮ್ಮ ನಿಬಂಧನೆಗಳಲ್ಲಿ ಬರೆದಿಟ್ಟರು. ಪಾದ್ರಿಯ ಪದಕ್ಕೆ ಮಾತ್ರ ಈ ನಿಯಮ ಅನ್ವಯಿಸುತ್ತಿರಲಿಲ್ಲ. ಗ್ಯಾಲರಿಗೆ ಹಣ ಕೊಟ್ಟು ಗ್ಯಾಲರಿಗೇ ತಳ್ಳಲ್ಪಟ್ಟ ಅನುಭವವು ಅವರಿಗೆ ಈ ವಿವೇಕವನ್ನು ಕಲಿಸಿತ್ತು.

ಬಿಷಪ್ ವೈಟ್‌ರು ಕರಿಯರ ಪ್ರತ್ಯೇಕ ದೇವಾಲಯದ ಯೋಚನೆಯನ್ನು ಮೊದಲು ಕೇಳಿದಾಗ ಮೆಚ್ಚಿದವರಲ್ಲ. ಆದರೆ ಈಗ ಅವರು ಬಾಗಿಲು ಮುಚ್ಚಲಿಲ್ಲ. 1794ರ ಶರತ್ಕಾಲದಲ್ಲಿ ಮೂರು ಷರತ್ತುಗಳೂ ಅಂಗೀಕೃತವಾದವು. ಸೇಂಟ್ ಥಾಮಸ್ ಆಫ್ರಿಕನ್ ಎಪಿಸ್ಕೋಪಲ್ ದೇವಾಲಯವು ಆ ಸಭೆಯ ಪ್ರಥಮ ಕರಿಯ ಸ್ಥಳೀಯ ಸಭೆಯಾಯಿತು. ಪಾದ್ರಿಯಾಗಬೇಕೆಂದು ಜನರು ಮೊದಲು ಕೇಳಿದುದು ಆಲೆನ್ನರನ್ನು. ತಾನು ಮೆಥಡಿಸ್ಟನಲ್ಲದೆ ಬೇರೇನೂ ಆಗಲಾರೆನೆಂದು ಅವರು ನಿರಾಕರಿಸಿದರು. ಜೋನ್ಸರ ಸ್ವಂತ ಒಲವೂ ಅದೇ ಆಗಿದ್ದಿತಷ್ಟೆ. ಆದರೂ ಅವರು ಬಹುಮತಕ್ಕೆ ತಲೆಬಾಗಿ ಜನರ ಹಿಂದೆ ನಡೆದರು. ಮುಂದಾಳುವಾದವನು ಕೆಲವೊಮ್ಮೆ ಹೀಗೆ ಹಿಂದೆ ನಡೆಯಬೇಕಾಗುತ್ತದೆ.

ಪೂರ್ತಿ ತೆರೆಯದ ಬಾಗಿಲು

1795ರಲ್ಲಿ ಬಿಷಪ್ ವೈಟ್‌ರು ಜೋನ್ಸರಿಗೆ ಡೀಕನ್ ಪದವಿಯನ್ನಿತ್ತರು. ಪಾದ್ರಿಗಳಾಗುವವರು ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳನ್ನು ಬಲ್ಲವರಾಗಿರಬೇಕೆಂಬುದು ಅಂದಿನ ನಿಯಮ. ರಾತ್ರಿಶಾಲೆಯಲ್ಲಿ ಕಲಿತ ಜೋನ್ಸರಿಗೆ ಆ ನಿಯಮದಿಂದ ವಿನಾಯಿತಿ ದೊರೆಯಿತು. ಆದರೆ ಆ ವಿನಾಯಿತಿಗೆ ಒಂದು ಬೆಲೆಯಿದ್ದಿತು: ಸೇಂಟ್ ಥಾಮಸ್ ದೇವಾಲಯವು ಪ್ರಾಂತದ ವಾರ್ಷಿಕ ಮಹಾಸಭೆಗೆ ಪ್ರತಿನಿಧಿಗಳನ್ನು ಕಳುಹಿಸಕೂಡದು, ಸಭೆಯ ಸಾಮಾನ್ಯ ಆಡಳಿತದಲ್ಲಿ ಪಾಲು ಕೇಳಕೂಡದು. ಎಂದರೆ, ಮನೆಯೊಳಗೆ ಸ್ವಾಗತ, ಜಗಲಿಯ ಮೇಲಿನ ಪಂಚಾಯತಿಗೆ ಮಾತ್ರ ಸ್ವಾಗತವಿಲ್ಲ.

ಜೋನ್ಸರು ಇದನ್ನು ಒಪ್ಪಿದುದು ಸರಿಯೇ ಎಂದು ಕೇಳುವವರುಂಟು. ಅವರ ಸ್ಥಾನದಲ್ಲಿ ನಿಂತು ನೋಡಿದಾಗ ಉತ್ತರ ಸುಲಭವಲ್ಲ. ಎಲ್ಲವೂ ಬೇಕೆಂದು ಹಟ ಹಿಡಿದಿದ್ದರೆ ತಮ್ಮವನೊಬ್ಬನು ಪೀಠದ ಮೇಲೆ ನಿಲ್ಲುವುದನ್ನು ಆ ಜನರು ಇನ್ನೆಷ್ಟು ಕಾಲ ಕಾಯಬೇಕಾಗುತ್ತಿತ್ತೋ. ದೊರೆತುದನ್ನು ಹಿಡಿದುಕೊಂಡು, ದೊರೆಯದುದನ್ನು ಮರೆಯದೆ ಮುಂದೆ ಹೋಗುವುದು ಅವರು ಆರಿಸಿದ ದಾರಿ. ಹಲವು ವರ್ಷಗಳ ಬಳಿಕ ಅವರಿಗೆ ಪೂರ್ಣ ಗುರುಪದವಿಯೂ ಲಭಿಸಿತು. ಎಪಿಸ್ಕೋಪಲ್ ಸಭೆಯಲ್ಲಿ ಆ ಪದವಿಯನ್ನು ಪಡೆದ ಕರಿಯರಲ್ಲಿ ಅವರೇ ಮೊದಲಿಗರು.

ಪದವಿಯು ಅವರ ಬಾಯಿ ಕಟ್ಟಲಿಲ್ಲ. 1799ರ ಕೊನೆಯಲ್ಲಿ ಜೋನ್ಸರೂ ಸುಮಾರು ಎಪ್ಪತ್ತು ಮಂದಿ ಕರಿಯ ನಾಗರಿಕರೂ ರುಜು ಹಾಕಿ ಅಮೆರಿಕದ ಕಾಂಗ್ರೆಸ್ಸಿಗೆ ಒಂದು ವಿಜ್ಞಾಪನೆಯನ್ನು ಸಲ್ಲಿಸಿದರು. ಸ್ವತಂತ್ರ ಜನರನ್ನು ಓಡಿಹೋದ ಗುಲಾಮರೆಂಬ ನೆವದಿಂದ ಹಿಡಿದು ಮಾರುವುದನ್ನು ತಡೆಯಬೇಕು, ಗುಲಾಮಗಿರಿಯನ್ನು ಕ್ರಮೇಣ ಕೊನೆಗಾಣಿಸಬೇಕು ಎಂಬುದು ಅದರ ಪ್ರಾರ್ಥನೆ. 1800ರ ಜನವರಿಯ ಮೊದಲ ವಾರದಲ್ಲಿ ಅದರ ಚರ್ಚೆಯಾಗಿ, ಅಂಥ ಬೇಡಿಕೆಗಳಿಗೆ ಯಾವ ಪ್ರೋತ್ಸಾಹವನ್ನೂ ಕೊಡಕೂಡದೆಂದು 85 ಮತಗಳು ಬಿದ್ದವು. ವಿರುದ್ಧವಾಗಿ ಬಿದ್ದುದು ಒಂದೇ ಒಂದು ಮತ. ಎಂಟು ವರ್ಷಗಳ ನಂತರ, 1808ರ ಜನವರಿ 1ರಂದು, ಹೊರದೇಶಗಳಿಂದ ಗುಲಾಮರನ್ನು ತರುವುದನ್ನು ನಿಷೇಧಿಸುವ ಕಾನೂನು ಜಾರಿಗೆ ಬಂದಾಗ ಸೇಂಟ್ ಥಾಮಸ್ ದೇವಾಲಯದಲ್ಲಿ ಜೋನ್ಸರು ಕೃತಜ್ಞತೆಯ ಪ್ರಸಂಗವನ್ನು ಮಾಡಿದರು. ಐಗುಪ್ತದಲ್ಲಿ ದಾಸ್ಯದಲ್ಲಿದ್ದವರ ಗೋಳನ್ನು ದೇವರು ಕೇಳಿದ ಕಥೆಯೇ ಅದರ ವಸ್ತು. ಆ ದಿನವನ್ನು ವರ್ಷವರ್ಷವೂ ಆಚರಿಸಿ ಮಕ್ಕಳಿಗೆ ಪೂರ್ವಿಕರ ಚರಿತ್ರೆಯನ್ನು ಹೇಳಬೇಕೆಂದು ಅವರು ಬೋಧಿಸಿದರು.

ಮಿತ್ರ ಆಲೆನ್ನರು ತಮ್ಮ ದಾರಿಯಲ್ಲಿ ನಡೆದು ಬೆಥೆಲ್ ಎಂಬ ದೇವಾಲಯವನ್ನು ಕಟ್ಟಿದರು. 1816ರಲ್ಲಿ ಕರಿಯರ ಸ್ವತಂತ್ರ ಮೆಥಡಿಸ್ಟ್ ಸಭೆಯನ್ನೇ ಸ್ಥಾಪಿಸಿ ಅದರ ಪ್ರಥಮ ಬಿಷಪ್ಪರಾದರು. ಒಬ್ಬರು ಹಳೆಯ ಸಭೆಯೊಳಗೆ ಸೇರಿ ಸ್ಥಾನಕ್ಕಾಗಿ ದುಡಿದರು; ಇನ್ನೊಬ್ಬರು ಬೇರೆಯೇ ಮನೆ ಕಟ್ಟಿದರು. ದಾರಿ ಎರಡಾದರೂ ಸ್ನೇಹ ಮುರಿಯಲಿಲ್ಲ. ಒಂದು ಸಂಘ ಎರಡಾದೊಡನೆ ಮುಖ ನೋಡುವುದನ್ನೂ ಬಿಡುವ ನಾವು ಇದನ್ನು ಓದಿ ಸ್ವಲ್ಪ ನಾಚಿದರೆ ತಪ್ಪಿಲ್ಲ.

1818ರ ಫೆಬ್ರವರಿ 13ರಂದು ಅಬ್ಸಲಂ ಜೋನ್ಸರು ಫಿಲಡೆಲ್ಫಿಯದಲ್ಲಿ ದಿವಂಗತರಾದರು. ಅವರ ದೇವಾಲಯದ ಪ್ರತಿನಿಧಿಗಳಿಗೆ ಪ್ರಾಂತದ ಮಹಾಸಭೆಯಲ್ಲಿ ಆಸನ ದೊರೆತುದು 1860ರ ದಶಕದಲ್ಲಿ, ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ. ಎಂದರೆ, ಸೇರಿದ ಸುಮಾರು ಎಪ್ಪತ್ತು ವರ್ಷಗಳ ಮೇಲೆ. ಅಷ್ಟು ಕಾಲ ವರ್ಗಣಿಯನ್ನೂ ಪ್ರಾರ್ಥನೆಯನ್ನೂ ನಿಲ್ಲಿಸದೆ, ಬೇಡಿಕೆಯನ್ನೂ ಬಿಡದೆ ಆ ಜನರು ಕಾದರು. ಇಂದು ಎಪಿಸ್ಕೋಪಲ್ ಸಭೆಯ ಪಂಚಾಂಗದಲ್ಲಿ ಫೆಬ್ರವರಿ 13 ಜೋನ್ಸರ ಸ್ಮರಣೆಯ ದಿನ. ಬಿಷಪ್ ವೈಟ್‌ರು ಕುಳಿತಿದ್ದ ಅಧ್ಯಕ್ಷ ಪೀಠಕ್ಕೆ 2015ರಲ್ಲಿ ಚುನಾಯಿತರಾಗಿ 2024ರ ವರೆಗೆ ಅದನ್ನು ಅಲಂಕರಿಸಿದ ಮೈಕಲ್ ಕರಿಯವರು ಗುಲಾಮರ ವಂಶಜರು. ಸೇಂಟ್ ಥಾಮಸ್ ಸಭೆಯು ಫಿಲಡೆಲ್ಫಿಯದಲ್ಲಿ ಇಂದಿಗೂ ನಡೆಯುತ್ತಿದೆ.

ಹೊಸದಾಗಿ ಬಂದು ಸೇರುವವನು ಏನು ಕೊಡಬೇಕೆಂಬುದನ್ನು ಎಲ್ಲ ಸಂಘಗಳ ನಿಯಮಾವಳಿಗಳೂ ಹೇಳುತ್ತವೆ. ಅವನು ಏನನ್ನು ಕೊಡಬಾರದೆಂಬುದನ್ನು ಜೋನ್ಸರ ಜೀವನವು ಹೇಳುತ್ತದೆ. ಹಣ ಕೊಡಬಹುದು, ದುಡಿಮೆ ಕೊಡಬಹುದು, ಕಷ್ಟಕಾಲದಲ್ಲಿ ಪ್ರಾಣವನ್ನೇ ಪಣವಾಗಿಡಬಹುದು. ಮಾನವನ್ನು ಮಾತ್ರ ಕೊಡಲಾಗದು. ಮುಂದಿನ ಬಾರಿ ನಮ್ಮ ಯಾವುದಾದರೊಂದು ಸಭೆಗೆ, ಕೈಯಲ್ಲಿ ಪಾತ್ರೆಯ ಸಾಬೂನಿನ ವಾಸನೆಯಿನ್ನೂ ಆರದ ಹುಡುಗನೊಬ್ಬನು ಬಂದು ಮುಂದಿನ ಸಾಲಿನಲ್ಲಿ ಕುಳಿತರೆ, ಬಾಗಿಲಲ್ಲಿ ನಿಂತ ಹಿರಿಯರು ಅವನನ್ನು ಅಲ್ಲಿಯೇ ಕುಳಿತಿರಗೊಡಬೇಕೆಂದು ಈ ಲೇಖಕನ ವಿನಂತಿ.